ಹೇಸರಗತ್ತೆಗಳು ತುಳಿದ ಏರಿ

1828ರ ಜುಲೈ 4ರಂದು ವಾಷಿಂಗ್ಟನ್ ಹತ್ತಿರ, ಪೊಟೊಮ್ಯಾಕ್ ನದಿಯ ದಡದಲ್ಲಿ ಒಂದು ಗುದ್ದಲಿ ಪೂಜೆ ನಡೆಯಿತು. ಅಮೆರಿಕದ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸನಿಕೆ ಒತ್ತಿದರೆ ಅದು ಬೇರಿಗೆ ತಾಗಿ ಒಳಗಿಳಿಯಲಿಲ್ಲ. ಅವರು ಕೋಟು ಕಳಚಿಟ್ಟು ಮತ್ತೆ ಬಲ ಹಾಕಿದರು. ಕೊನೆಗೆ ಮಣ್ಣು ಎದ್ದಾಗ ನೆರೆದವರೆಲ್ಲ ಜಯಕಾರ ಹಾಕಿದರು. ಅದೇ ದಿನ ಬಾಲ್ಟಿಮೋರಿನಲ್ಲಿ ಇನ್ನೊಂದು ಶಂಕುಸ್ಥಾಪನೆ ನಡೆದಿತ್ತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕಿದ್ದ ಒಬ್ಬರೇ ಒಬ್ಬರು, 90 ವರ್ಷದ ಚಾರ್ಲ್ಸ್ ಕ್ಯಾರಲ್, ಬಾಲ್ಟಿಮೋರ್ ಅಂಡ್ ಒಹಾಯೊ ರೈಲುದಾರಿಗೆ ಮೊದಲ ಕಲ್ಲು ಇಟ್ಟರು. ಅತ್ತ ರೈಲು, ಇತ್ತ ಚೆಸಪೀಕ್ ಅಂಡ್ ಒಹಾಯೊ ನಾಲೆ. ಬೆಟ್ಟದಾಚೆಯ ಒಹಾಯೊ ಕಣಿವೆಯನ್ನು ಮುಟ್ಟುವುದೇ ಎರಡರ ಗುರಿ.

ಆ ನಾಲೆಯ ಏರಿಯ ಮೇಲೆ ನಾನು ಸೈಕಲ್ ಓಡಿಸುತ್ತೇನೆ. ಮೇರಿಲ್ಯಾಂಡಿನಲ್ಲಿ ನೆಲೆಸಿದ ಮೇಲೆ ನನಗೆ ಸಿಕ್ಕ ದೊಡ್ಡ ಸುಖ ಅದು. ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್ ಉದ್ದಕ್ಕೂ ಮಣ್ಣು ಮತ್ತು ಜಲ್ಲಿಪುಡಿಯ ದಾರಿ. ಕಾರಿಲ್ಲ, ಲಾರಿಯಿಲ್ಲ. ನಾನು ಹುಟ್ಟಿದ್ದು ಪಾಂಡವಪುರದ ಕಡೆ, ಸೈಕಲ್ ಕಲಿತದ್ದು ವಿಶ್ವೇಶ್ವರಯ್ಯ ನಾಲೆಯ ಏರಿಯಲ್ಲಿ. ಹಾಗಾಗಿ ನಾಲೆ ಎಂದರೆ ಗದ್ದೆಗೆ, ಕಬ್ಬಿಗೆ ನೀರು ಒಯ್ಯುವುದು ಎಂದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಪೊಟೊಮ್ಯಾಕ್ ದಡದ ಈ ನಾಲೆಯನ್ನು ಬೇಸಾಯಕ್ಕಾಗಿ ತೋಡಿರಲಿಲ್ಲ. ಇದರ ನೀರು ಇದ್ದದ್ದು ದೋಣಿ ತೇಲಿಸಲು. ನಮ್ಮ ಕಡೆ ಏರಿ ನೀರನ್ನು ತಡೆದು ನಿಲ್ಲಿಸುವ ಮಣ್ಣು. ಇಲ್ಲಿ ಅದು ದೋಣಿಯನ್ನು ನಡೆಸುವ ದಾರಿಯೂ ಹೌದು, ಏಕೆಂದರೆ ಅದರ ಮೇಲೆ ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತಿದ್ದವು. ಇಂದು ಸೈಕಲ್ ಇಷ್ಟು ಹಗುರವಾಗಿ ಉರುಳುವುದಕ್ಕೆ ಅದೇ ಕಾರಣ. ಗಾಡಿಗೆ ಮಾಡಿದ ರಸ್ತೆ ಗುಡ್ಡ ಹತ್ತಿ ಇಳಿಯುತ್ತದೆ. ನೀರಿನ ಪಕ್ಕದ ಏರಿ ನೀರಿನಷ್ಟೇ ಮಟ್ಟವಾಗಿರಬೇಕು.

ಇಡೀ ದಾರಿಯ ಏರಿಕೆ 605 ಅಡಿ. ಅದನ್ನು 74 ಲಾಕ್‌ಗಳಿಗೆ ಹಂಚಿದ್ದಾರೆ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟುಕೊಂಡು, ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಹಾಯಿಸಿದರೆ ದೋಣಿ ಸುಮಾರು ಎಂಟು ಅಡಿ ಮೇಲೇಳುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ. ಒಂದು ಲಾಕ್‌ನಿಂದ ಇನ್ನೊಂದರವರೆಗೆ ಪೆಡಲು ತನ್ನಷ್ಟಕ್ಕೆ ತಿರುಗುತ್ತದೆ. ಲಾಕ್ ಹತ್ತಿರ ಬಂದಾಗ ಮಾತ್ರ ತೊಡೆಗೆ ಚೂರು ಭಾರ ಬೀಳುತ್ತದೆ. 1830ರ ದಶಕದ ಎಂಜಿನಿಯರುಗಳ ಲೆಕ್ಕ ಇವತ್ತಿಗೂ ಕಾಲಿಗೆ ಗೊತ್ತಾಗುವುದು ಹೀಗೆ.

ಇದನ್ನು ಕಟ್ಟಿದವರಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಕೂಲಿಗಳು ಬಹಳ. 1832ರಲ್ಲಿ ಅವರ ಬಿಡಾರಗಳಿಗೆ ಕಾಲರಾ ನುಗ್ಗಿತು. 1834ರಲ್ಲಿ ಕೂಲಿಗಳ ಗುಂಪುಗಳ ನಡುವೆ ಹೊಡೆದಾಟವಾದಾಗ ಅಧ್ಯಕ್ಷ ಜ್ಯಾಕ್ಸನ್ ಸೈನ್ಯ ಕಳಿಸಿದರು. ಕೆಲಸಗಾರರ ಗಲಭೆಗೆ ಅಮೆರಿಕದ ಕೇಂದ್ರ ಸರ್ಕಾರ ಸೈನ್ಯ ಇಳಿಸಿದ್ದು ಅದೇ ಮೊದಲು. ಪಾಪಾ ಎಂಬಲ್ಲಿ ನದಿ ಆರು ಮೈಲಿ ಸುತ್ತಿ ಬಳಸುವುದನ್ನು ತಪ್ಪಿಸಲು ಬೆಟ್ಟ ಕೊರೆದು 3,118 ಅಡಿ ಉದ್ದದ ಸುರಂಗ ಮಾಡಿದರು. ಎರಡು ವರ್ಷದ ಕೆಲಸ ಎಂದು 1836ರಲ್ಲಿ ಶುರುಮಾಡಿದ್ದು, ದುಡ್ಡು ಮುಗಿದು ವರ್ಷಗಟ್ಟಲೆ ನಿಂತು, ಪೂರ್ತಿಯಾಗಿದ್ದು 1850ರಲ್ಲಿ. ಒಳಗೋಡೆಗೆ ಅರವತ್ತು ಲಕ್ಷಕ್ಕೂ ಮೀರಿ ಇಟ್ಟಿಗೆ ಹಿಡಿಯಿತು. ಅಲ್ಲಿ ಸೈಕಲ್ ತಳ್ಳಿಕೊಂಡು, ಟಾರ್ಚ್ ಹಿಡಿದು ನಡೆಯಬೇಕು. ಪಕ್ಕದ ಕಟಾಂಜನದ ಮೇಲೆ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೀರುಗಳಿವೆ. ನಾನು ಪ್ರತಿಸಲವೂ ಅವುಗಳ ಮೇಲೆ ಬೆರಳಾಡಿಸುತ್ತೇನೆ. ಆ ಊರಿಗೆ ಹೆಸರು ಕೊಟ್ಟ ಪಾಪಾ ಮರ ನಮ್ಮ ಸೀತಾಫಲದ ವಂಶದ್ದೇ. ಸೆಪ್ಟೆಂಬರಿನಲ್ಲಿ ಹಣ್ಣಾಗಿ ಏರಿಯ ಮೇಲೆ ಉದುರಿರುತ್ತದೆ.

ನಾಲೆ ಕಂಬರ್‌ಲ್ಯಾಂಡ್ ತಲುಪುವಷ್ಟರಲ್ಲಿ ರೈಲು ಅಲ್ಲಿಗೆ ಬಂದು ಎಂಟು ವರ್ಷವಾಗಿತ್ತು. ಮುಂದೆ ಬೆಟ್ಟ ದಾಟಿ ಒಹಾಯೊ ಕಣಿವೆಯ ಪಿಟ್ಸ್‌ಬರ್ಗ್‌ಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಆದರೂ ನಾಲೆ ಮುಕ್ಕಾಲು ಶತಮಾನ ಕಲ್ಲಿದ್ದಲು ಹೊತ್ತಿತು. ಒಂದು ದೋಣಿಗೆ ಸುಮಾರು 120 ಟನ್. ಎರಡೋ ಮೂರೋ ಹೇಸರಗತ್ತೆಗಳು ಆರು ಗಂಟೆ ಎಳೆದ ಮೇಲೆ ದೋಣಿಯ ಮೂತಿಯಲ್ಲೇ ಇದ್ದ ಲಾಯದಲ್ಲಿ ದಣಿವಾರಿಸಿಕೊಳ್ಳುತ್ತಿದ್ದವು. ಆಗ ಇನ್ನೊಂದು ಜೊತೆ ಏರಿಗಿಳಿಯುತ್ತಿತ್ತು. ಸಂಸಾರಗಳು ದೋಣಿಯ ಹಿಂಬದಿಯ ಸಣ್ಣ ಕೋಣೆಯಲ್ಲೇ ಅಡುಗೆ, ಬಾಣಂತನ ಎಲ್ಲ ಮುಗಿಸುತ್ತಿದ್ದವು. ಹೇಸರಗತ್ತೆಗಳ ಜೊತೆ ಏರಿ ನಡೆಯುವ ಕೆಲಸ ಹೆಚ್ಚಾಗಿ ಮಕ್ಕಳದು. ಇಂದು ನಾವು ರಜೆಯಲ್ಲಿ ಖುಷಿಗೆ ಹೋಗುವ ದಾರಿಯನ್ನು ಆ ಮಕ್ಕಳು ಹೊಟ್ಟೆಪಾಡಿಗಾಗಿ ಬಿಸಿಲು ಮಳೆ ಎನ್ನದೆ ಸವೆಸಿದ್ದರು. ಇದನ್ನು ಮರೆತು ಆ ಏರಿಯನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

1889ರ ಪ್ರವಾಹ ನಾಲೆಯನ್ನು ದಿವಾಳಿ ಮಾಡಿತು. ಅದರ ಆಡಳಿತ ಹೋಗಿ ಬಿದ್ದದ್ದು ಹಳೆಯ ಎದುರಾಳಿಯಾದ ರೈಲು ಕಂಪನಿಯ ಕೈಗೆ. 1924ರ ಪ್ರವಾಹದ ನಂತರ ದೋಣಿಗಳು ನಿಂತವು. 1938ರಲ್ಲಿ ಸರ್ಕಾರ 20 ಲಕ್ಷ ಡಾಲರಿಗೆ ಅದನ್ನು ಕೊಂಡಿತು. ಕೆಳಗಿನ 22 ಮೈಲಿಗಳನ್ನು ರಿಪೇರಿ ಮಾಡಿದವರು ನಿರುದ್ಯೋಗಿ ಯುವಕರಿಗಾಗಿ ತೆರೆದ ಶಿಬಿರಗಳ ಕಪ್ಪು ಹುಡುಗರು. ಉಳಿದ ಭಾಗ ಹುಲ್ಲು ಬೆಳೆದು, ಹೂಳು ತುಂಬಿ ಬಿದ್ದಿತ್ತು. ಅದರ ಮೇಲೆ ಮೋಟಾರು ರಸ್ತೆ ಹಾಕುವ ಯೋಜನೆ ಬಂತು. 1954ರ ಜನವರಿ 3ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯ ಬರೆದು ಅದನ್ನು ಬೆಂಬಲಿಸಿತು.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕೆಗೆ ಕಾಗದ ಬರೆದರು. ಸಂಪಾದಕೀಯ ಬರೆದವರು ನನ್ನೊಡನೆ ಇಡೀ ನಾಲೆಯುದ್ದಕ್ಕೂ ನಡೆದು ಬರಲಿ, ಆಮೇಲೆ ಅವರ ಅಭಿಪ್ರಾಯ ಏನಾಗುತ್ತದೋ ನೋಡೋಣ ಎಂಬುದು ಅದರ ಸಾರ. ಪತ್ರಿಕೆಯ ಮರ್ಲೊ ಪ್ಯೂಸಿ ಮತ್ತು ರಾಬರ್ಟ್ ಎಸ್ಟಾಬ್ರುಕ್ ಒಪ್ಪಿದರು. ಮಾರ್ಚ್ 20ರಂದು ಕಂಬರ್‌ಲ್ಯಾಂಡ್‌ನಿಂದ 58 ಜನ ಹೊರಟರು. ಎಂಟು ದಿನದ ಕೊನೆಗೆ ಪೂರ್ತಿ ನಡೆದು ಮುಗಿಸಿದವರು ಒಂಬತ್ತೇ ಮಂದಿ, ಡಗ್ಲಸ್ ಅವರಲ್ಲೊಬ್ಬರು. ಪತ್ರಿಕೆ ತನ್ನ ನಿಲುವು ಬದಲಿಸಿತು. 1971ರ ಜನವರಿಯಲ್ಲಿ ಈ ನಾಲೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಅಂದಿನ ನಡಿಗೆಯಿಂದ ಹುಟ್ಟಿದ ಸಂಘದ ಸದಸ್ಯರು ಇಂದಿಗೂ ಏರಿಯ ಒಂದೊಂದು ತುಂಡನ್ನು ವಹಿಸಿಕೊಂಡು, ನಮ್ಮ ಕಡೆಯ ನೀರುಗಂಟಿಗಳಂತೆ ನಡೆದು ನೋಡಿ, ಎಲ್ಲಿ ಮರ ಬಿದ್ದಿದೆ, ಎಲ್ಲಿ ಮಣ್ಣು ಕುಸಿದಿದೆ ಎಂದು ವರದಿ ಕೊಡುತ್ತಾರೆ. ಪೊಟೊಮ್ಯಾಕ್ 1972ರಲ್ಲಿ ಒಮ್ಮೆ, 1996ರಲ್ಲಿ ಎರಡು ಸಲ ಉಕ್ಕಿ ಏರಿಯನ್ನು ಕೊಚ್ಚಿತು. ಪ್ರತಿಸಲವೂ ಜನ ಮತ್ತೆ ಕಟ್ಟಿದರು.

ನಾಲೆ ತಲುಪಲಾಗದ ಪಿಟ್ಸ್‌ಬರ್ಗ್‌ಗೆ ಈಗ ದಾರಿಯಿದೆ. ಕಂಬರ್‌ಲ್ಯಾಂಡ್‌ನಿಂದಾಚೆ, ಓಡಾಟ ನಿಂತ ರೈಲು ಹಳಿಗಳನ್ನು ಕಿತ್ತು, ಸುಣ್ಣಕಲ್ಲಿನ ಪುಡಿ ಹಾಸಿ, 150 ಮೈಲಿಯ ಸೈಕಲ್ ಹಾದಿ ಮಾಡಿದ್ದಾರೆ. ಅದರ ಮೊದಲ ತುಣುಕು ತೆರೆದದ್ದು 1986ರಲ್ಲಿ, ಪೂರ್ತಿಯಾದದ್ದು 2013ರಲ್ಲಿ. ಆಡಮ್ಸ್ ಸನಿಕೆ ಒತ್ತಿದ 185 ವರ್ಷಗಳ ಮೇಲೆ ಅಂದಿನ ಗುರಿ ಕೈಗೂಡಿತು, ಸರಕಿಗಲ್ಲ, ಮನುಷ್ಯರಿಗೆ.

ದುಡ್ಡು ತರದ ದಾರಿ ದಂಡ ಎನ್ನುವವರಿಗೆ ನಾನು ಈ ಇತಿಹಾಸವನ್ನೇ ಹೇಳುತ್ತೇನೆ. ಈ ಏರಿ ಉಳಿದದ್ದು ತೀರ್ಮಾನ ಮಾಡುವವರನ್ನು ಒಬ್ಬರು ಕರೆದು ಅದರ ಮೇಲೆ ನಡೆಸಿದ್ದರಿಂದ. ಮಂಡ್ಯದ ನಾಲೆಗಳ ಏರಿಗಳಿಗೂ ಅಷ್ಟು ಮರ್ಯಾದೆ ಸಲ್ಲಬೇಕು. ಅಗಲಿಸುವುದೋ, ಟಾರು ಹಾಕುವುದೋ, ಹಾಗೇ ಬಿಡುವುದೋ ಎಂದು ಕಾಗದದ ಮೇಲೆ ಗೆರೆ ಎಳೆಯುವ ಮೊದಲು ಎಳೆಯುವವರು ತಲೆಯಿಂದ ಕೊನೆಯವರೆಗೂ ಒಮ್ಮೆ ನಡೆದು ಬರಲಿ. ಆ ಏರಿಗಳ ಮೇಲೆ ದಿನವೂ ಓಡಾಡುವವರು ಅವರ ಜೊತೆಗಿರಲಿ.