ಭಾಗಾಕಾರದ ಶೇಷ

ಒಂಬತ್ತು ಅಂಕೆಗಳನ್ನೂ ಸೊನ್ನೆಯನ್ನೂ ಸ್ಥಾನಾನುಸಾರವಾಗಿ ಬರೆಯುವ ಕ್ರಮವು ಭರತಖಂಡದಲ್ಲಿ ಹುಟ್ಟಿತೆಂಬುದು ಸುವಿದಿತವಾಗಿದೆ. ಆದರೆ ಭಾಗಿಸಿ ಉಳಿದ ಶೇಷವನ್ನು ಇಲ್ಲಿಯ ಗಣಿತಜ್ಞರು ಬಹುಕಾಲ ಭಿನ್ನರಾಶಿಯಾಗಿಯೇ ಇರಿಸಿದರು. ಕ್ರಿ. ಶ. ೯ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನಗಳನ್ನು ಕಲಾಸವರ್ಣವೆಂಬ ಹೆಸರಿನಿಂದ ವಿಸ್ತಾರವಾಗಿ ವಿವರಿಸಿದನು. ಏಕಸ್ಥಾನದ ಬಲಕ್ಕೂ ಸ್ಥಾನಗಳನ್ನು ಮುಂದುವರಿಸುವ ದಶಾಂಶಕ್ರಮವು, ಈವರೆಗೆ ತಿಳಿದಂತೆ, ಡಮಾಸ್ಕಸ್ ನಗರದಲ್ಲಿ ಅಲ್-ಉಕ್ಲೀದಿಸಿಯು ೯೫೨-೫೩ರಲ್ಲಿ ಹಿಂದೂ ಗಣಿತವನ್ನು ಕುರಿತು ಬರೆದ ಅರಬ್ಬೀ ಗ್ರಂಥದಲ್ಲಿ ಮೊದಲು ಕಾಣುವುದು. ೧೫೮೫ರಲ್ಲಿ ಸೈಮನ್ ಸ್ಟೆವಿನ್ನನ ಡಚ್ಚು ಪುಸ್ತಿಕೆಯು ಅದನ್ನು ಯೂರೋಪಿನಲ್ಲಿ ಪ್ರಚಾರಗೊಳಿಸಿತು.

೧೦ ರೂಪಾಯಿಗಳನ್ನು ೭ ಮಂದಿಗೆ ಹಂಚಿದರೆ ತಲೆಗೊಂದು ರೂಪಾಯಿ ಬಂದು ೩ ಉಳಿಯುವುದು. ಆಣೆಗಳ ಕಾಲದ ಲೆಕ್ಕಿಗನು ಈ ಶೇಷವನ್ನು ೧೬ರಿಂದ ಗುಣಿಸಿ ೪೮ ಆಣೆಗಳನ್ನು ಹಂಚುತ್ತಿದ್ದನು. ಉಳಿದ ೬ ಆಣೆಗಳನ್ನು ೧೨ರಿಂದ ಗುಣಿಸಿ ೭೨ ಪೈಗಳನ್ನು ಹಂಚುತ್ತಿದ್ದನು. ಇಂತು ತಲೆಗೆ ೧ ರೂಪಾಯಿ ೬ ಆಣೆ ೧೦ ಪೈ. ಪೈಗಿಂತ ಕಿರಿದಾದ ನಾಣ್ಯವಿಲ್ಲದುದರಿಂದ ೨ ಪೈ ಉಳಿದು ಲೆಕ್ಕವು ಅಲ್ಲಿಗೆ ನಿಲ್ಲುತ್ತಿತ್ತು.

ದಶಾಂಶಕ್ರಮದ ಹೆಜ್ಜೆಯೂ ಇದೇ; ಶೇಷಕ್ಕೆ ಸೊನ್ನೆಯನ್ನು ಸೇರಿಸಿ ಹತ್ತುಮಡಿ ಮಾಡುವುದೊಂದೇ ಭೇದ. ಅಲ್ಲಿ ಕಡೆಯ ನಾಣ್ಯವೆಂಬುದಿಲ್ಲ. ಶೇಷಗಳು ೩, ೨, ೬, ೪, ೫, ೧ ಎಂದು ನಡೆದು ಮರಳಿ ೩ ಬರುವುದು. ೭ಕ್ಕಿಂತ ಕಿರಿದಾದ ಶೇಷಗಳು ಆರೇ ಆದುದರಿಂದ ಆವರ್ತನೆಯು ಅನಿವಾರ್ಯ. ಲಬ್ಧವು ೧.೪೨೮೫೭೧ ಎಂದಾಗಿ, ಬಿಂದುವಿನ ಬಲಗಡೆಯ ಆರು ಅಂಕೆಗಳು ಕೊನೆಯಿಲ್ಲದೆ ಮರಳುವುವು.

೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ೧೦೦ ನಯಾಪೈಸೆಗಳಾದುವು. ಹತ್ತರ ಸ್ಥಾನಗಳು ತಾವು ಹುಟ್ಟಿದ ನಾಡಿನ ಹಣದ ಚೀಲವನ್ನು ಆಗ ಸೇರಿದುವು. ಆದರೂ ೭ ಮಂದಿಗೆ ಹಂಚಿದ ೧೦ ರೂಪಾಯಿಗಳಲ್ಲಿ ೬ ಪೈಸೆ ಉಳಿದೇ ಉಳಿಯಿತು. ಅದು ಯಾರಿಗೆ ಸಲ್ಲಬೇಕೆಂಬುದನ್ನು ಗಣಿತವು ಹೇಳದು.