ಬಟ್ಟಲಿನ ಮೇಲಿನ ಹಡಗು, ಕಡಲಡಿಯ ಹಡಗು

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ಕಾಲದ ಮಾತು. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧವನ್ನು ಆವೇಶದಿಂದ ಬಣ್ಣಿಸಿ ಮುಗಿಸಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹಡಗಿನಲ್ಲಿ ಅವರ ಊಟಕ್ಕೆ ಏನು ವ್ಯವಸ್ಥೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿಬಿಟ್ಟೆ. ನನಗೆ ಉತ್ತರ ಗೊತ್ತಿರಲಿಲ್ಲ. ನಿಜವಾದ ಕಾರಣ ಅದೇ. ಆ ಹಳೆಯ ಸಾಲವನ್ನು ಇಂದು ತೀರಿಸಲು ಯತ್ನಿಸುತ್ತೇನೆ.

ಗ್ರೀಕರ ಹಡಗುಗಳನ್ನು ನಾವಿಂದು ಹೆಚ್ಚಾಗಿ ಕಾಣುವುದು ಅವರ ಮಣ್ಣಿನ ಪಾತ್ರೆಗಳ ಚಿತ್ರಗಳಲ್ಲಿ. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಎಕ್ಸೀಕಿಯಸ್ ಎಂಬ ಕಲಾವಿದನು ಸುಮಾರು ಕ್ರಿ.ಪೂ. 530ರಲ್ಲಿ ರಚಿಸಿದ ಪಾನಪಾತ್ರೆ. ಅದೀಗ ಜರ್ಮನಿಯ ಮ್ಯೂನಿಕ್ ನಗರದಲ್ಲಿದೆ. ಬಿಳಿಯ ಹಾಯಿ ಬಿಚ್ಚಿದ ನೌಕೆಯಲ್ಲಿ ದ್ರಾಕ್ಷಾರಸದ ದೇವತೆ ಡಯೋನೀಸಸ್ ಒರಗಿದ್ದಾನೆ. ಪಟಸ್ತಂಭವನ್ನು ದ್ರಾಕ್ಷಿಬಳ್ಳಿ ಹಬ್ಬಿದೆ. ಸುತ್ತಲೂ ಡಾಲ್ಫಿನ್‌ಗಳು, ದೇವತೆಯನ್ನು ಅಪಹರಿಸಲು ಹೋದ ಕಡಲ್ಗಳ್ಳರು ಹೀಗಾದರೆಂಬುದು ಪುರಾಣ. ಚಿತ್ರ ಮನೋಹರವಾಗಿದೆ. ಆದರೆ ಆ ಹಡಗಿನಲ್ಲಿ ಒಬ್ಬನೇ ಒಬ್ಬ ನಾವಿಕನಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಅದೇ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಮತ್ತೊಂದು ಬಟ್ಟಲಿದೆ. ಅದರಲ್ಲಿ ದೇವರಿಲ್ಲ. ಉಬ್ಬಿದ ಒಡಲಿನ ವ್ಯಾಪಾರಿ ಹಡಗೊಂದು ಹಾಯಿಯ ಬಲದಿಂದ ಸಾಗುತ್ತಿದೆ. ಹುಟ್ಟುಗಳ ಸಾಲುಳ್ಳ ತೆಳುವಾದ ನೌಕೆಯೊಂದು ಅದರತ್ತ ಧಾವಿಸುತ್ತಿದೆ. ಇದು ಕಡಲ್ಗಳ್ಳರ ದಾಳಿಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಯಿಯ ಮೇಲೆ ಚೌಕುಳಿಯಂತಹ ಗೆರೆಗಳಿವೆ. ಅಲಂಕಾರವೆಂದು ತೋರುವ ಆ ಗೆರೆಗಳ ಅರ್ಥವನ್ನು ಕಡಲೇ ತಿಳಿಸಿಕೊಟ್ಟಿತು.

1965ರಲ್ಲಿ ಸೈಪ್ರಸ್ ದ್ವೀಪದ ಕೈರೇನಿಯಾ ಪಟ್ಟಣದ ಮುಳುಗುಗಾರ ಆಂಡ್ರಿಯಾಸ್ ಕಾರಿಯೋಲು ಅವರಿಗೆ ಸಮುದ್ರದ ತಳದಲ್ಲಿ ಹೂಜಿಗಳ ರಾಶಿ ಕಂಡಿತು. ಮೈಕೇಲ್ ಕಾಟ್ಜೆವ್ ಅವರ ತಂಡ ಮುಂದೆ ಅಲ್ಲಿ ಉತ್ಖನನ ನಡೆಸಿ, ಸುಮಾರು 2300 ವರ್ಷ ಹಿಂದೆ ಮುಳುಗಿದ್ದ ಗ್ರೀಕ್ ವ್ಯಾಪಾರಿ ಹಡಗನ್ನು ಮೇಲೆತ್ತಿತು. ಅದರ ಉದ್ದ ಸುಮಾರು 14 ಮೀಟರ್. ಅಲ್ಲಿ ಸೀಸದ ಬಳೆಗಳು ದೊರೆತವು. ಹಾಯಿಗೆ ಹೊಲಿದಿದ್ದ ಇವುಗಳ ಮೂಲಕ ಹಗ್ಗಗಳನ್ನು ಹಾಯಿಸಿ, ನಮ್ಮ ಜಗಲಿಯ ಬಿದಿರಿನ ತಟ್ಟಿಯನ್ನು ಮೇಲೆತ್ತುವಂತೆ ಹಾಯಿಯನ್ನು ಎತ್ತಿ ಕುಗ್ಗಿಸುತ್ತಿದ್ದರು. ಬಟ್ಟಲಿನ ಚಿತ್ರಕಾರ ಬರೆದಿದ್ದ ಗೆರೆಗಳು ಈ ಏರ್ಪಾಟಿನವೇ! ಅವನು ಕಣ್ಣಾರೆ ಕಂಡುದನ್ನೇ ಬರೆದಿದ್ದನೆಂದು ನನಗನ್ನಿಸುತ್ತದೆ.

ಇನ್ನು ಊಟದ ವಿಷಯ. ಹಡಗಿನಲ್ಲಿ ಸುಮಾರು 400 ಹೂಜಿಗಳೂ ಸಾವಿರಾರು ಬಾದಾಮಿಗಳೂ ಇದ್ದವು. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳಿದ್ದವು. ಮರದ ಚಮಚಗಳು ನಾಲ್ಕು, ಕುಡಿಯುವ ಬಟ್ಟಲುಗಳು ನಾಲ್ಕು. ಆದ್ದರಿಂದ ನಾವಿಕರೂ ನಾಲ್ವರೆಂದು ಊಹಿಸಲಾಗಿದೆ. ಒಲೆಯ ಕುರುಹು ಕಾಣದ ಕಾರಣ ಅವರು ದಡ ಸೇರಿ ಅಡುಗೆ ಮಾಡಿಕೊಳ್ಳುತ್ತಿದ್ದಿರಬೇಕು. ಹಡಗಿನ ಅವಶೇಷಗಳೊಡನೆ ಈಟಿಯ ಮೊನೆಗಳೂ ಸಿಕ್ಕಿವೆ. ಕಡಲ್ಗಳ್ಳರ ಕೈಗೆ ಸಿಕ್ಕು ಈ ಹಡಗು ಮುಳುಗಿತೇ ಎಂಬ ಶಂಕೆ ಅದರಿಂದ ಹುಟ್ಟಿದೆ.

ದೇವರನ್ನು, ಸೇನಾನಿಯನ್ನು ಚಿತ್ರಗಳು ನೆನಪಿನಲ್ಲಿಟ್ಟವು. ಹೆಸರಿಲ್ಲದ ಆ ನಾಲ್ವರ ನೆನಪನ್ನು ಉಳಿಸಿದ್ದು ನಾಲ್ಕು ಮರದ ಚಮಚಗಳು. ಆ ಹುಡುಗ ಕೇಳಿದ್ದು ಇವರನ್ನೇ. ಅವನು ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದಿದರೆ, ಅಂದು ನಕ್ಕ ಮೇಷ್ಟರನ್ನು ಕ್ಷಮಿಸಲಿ.