ನಾವಿಕರ ಎರಡು ಕ್ಯಾಲೆಂಡರ್‌ಗಳು

ಹಿಜರಿ ತಾರೀಕು ನಮಗೆ ನೆನಪಾಗುವುದು ಹೆಚ್ಚಾಗಿ ರಮಝಾನ್ ಮತ್ತು ಹಬ್ಬಗಳ ಹೊತ್ತಿಗೆ. ಅರಬ್ ನಾವಿಕರಿಗೆ ಅದು ದಿನವೂ ಬೇಕಾಗಿತ್ತು. ಇಂದು ನೀರಿನ ಸೆಳೆತ ಎಷ್ಟು, ಅಳಿವೆ ದಾಟಬಹುದೇ, ಮುತ್ತು ತೆಗೆಯುವವರು ಮುಳುಗಬಹುದೇ ಎಂಬುದಕ್ಕೆ ಚಂದ್ರನಲ್ಲಿ ಉತ್ತರವಿತ್ತು.

9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಬೂ ಮಅಶರ್ ಅಲ್ ಬಲ್ಖೀ (ಮರಣ 886) ಚಂದ್ರನಿಗೂ ಉಬ್ಬರವಿಳಿತಕ್ಕೂ ಇರುವ ನಂಟನ್ನು ವಿವರವಾಗಿ ಬರೆದರು. ಅವರು ಜ್ಯೋತಿಷಿಯೂ ಹೌದು. ಅವರ ಭವಿಷ್ಯವಾಣಿ ನಮಗೆ ಬೇಡ, ಸಮುದ್ರದ ಲೆಕ್ಕ ಸಾಕು. ಆ ಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೂ ಹೋಯಿತು.

ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಸಾಮಾನ್ಯವಾಗಿ ಉಬ್ಬರ ಅತಿ ಹೆಚ್ಚು. ನಮ್ಮ ತಿಂಗಳು ಆರಂಭವಾಗುವುದೂ ಚಂದ್ರದರ್ಶನವಾದ ಮೇಲೆಯೇ. ಹಾಗಾಗಿ ಹಿಜರಿ 1, 2 ಮತ್ತು 15, 16ರ ಆಸುಪಾಸಿನಲ್ಲಿ ಸೆಳೆತ ಜೋರು. 8, 9 ಮತ್ತು 22, 23ರ ಆಸುಪಾಸಿನಲ್ಲಿ ಮಂದ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮುಳುಗುವವರಿಗೆ ಮಂದ ದಿನಗಳೇ ವಾಸಿ.

ಆದರೆ ನಡುಸಮುದ್ರದಲ್ಲಿ ಈ ಲೆಕ್ಕ ಸಾಲದು. ಅಲ್ಲಿ ಪ್ರವಾಹವನ್ನು ನಡೆಸುವುದು ಗಾಳಿ. ಸೊಮಾಲಿಯಾ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ಈಶಾನ್ಯಕ್ಕೆ ಭೋರೆಂದು ಹರಿಯುತ್ತದೆ, ಚಳಿಗಾಲದಲ್ಲಿ ನೈಋತ್ಯಕ್ಕೆ ತಿರುಗುತ್ತದೆ. ಹಿಂದೂ ಮಹಾಸಾಗರದ ನೀರು ಹೀಗೆ ಋತುವಿಗೆ ತಕ್ಕಂತೆ ದಿಕ್ಕು ಬದಲಿಸುವುದನ್ನು 9ನೇ ಶತಮಾನದ ಇಬ್ನ್ ಖುರ್ದಾದ್ಬಿಹ್, 10ನೇ ಶತಮಾನದ ಅಲ್ ಮಸ್ಊದಿ ಆಗಲೇ ದಾಖಲಿಸಿದ್ದರು.

ಹಿಜರಿ ವರ್ಷವೋ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಈ ವರ್ಷ ಶಅಬಾನಿನಲ್ಲಿ ಬೀಸಿದ ಗಾಳಿ ಕೆಲವು ವರ್ಷ ಕಳೆದರೆ ಶಅಬಾನಿನಲ್ಲಿ ಸಿಗುವುದಿಲ್ಲ. ಅದಕ್ಕೆ ನಾವಿಕರು ಎರಡನೇ ಕ್ಯಾಲೆಂಡರ್ ಇಟ್ಟುಕೊಂಡರು: ಪಾರಸಿ ಹೊಸವರ್ಷ ನೌರೋಝ್‌ನಿಂದ ದಿನಗಳ ಎಣಿಕೆ. ಜುಲ್ಫಾರ್‌ನ ಅಹ್ಮದ್ ಇಬ್ನ್ ಮಾಜಿದ್ 1490ರ ಸುಮಾರಿಗೆ ಬರೆದ 'ಕಿತಾಬುಲ್ ಫವಾಇದ್'ನಲ್ಲಿ ಯಾವ ಬಂದರಿನಿಂದ ಎಷ್ಟನೇ ದಿನ ಹೊರಡಬೇಕೆಂದು ಹೀಗೆಯೇ ಲೆಕ್ಕ ಕೊಟ್ಟಿದ್ದಾರೆ. (ವಾಸ್ಕೋ ಡ ಗಾಮನಿಗೆ ದಾರಿ ತೋರಿಸಿದವರು ಇವರೇ ಎಂಬ ಕತೆಯನ್ನು ಇಂದಿನ ಹೆಚ್ಚಿನ ಇತಿಹಾಸಕಾರರು ಒಪ್ಪುವುದಿಲ್ಲ. ಅವರ ಹಿರಿಮೆಗೆ ಆ ಕತೆ ಬೇಕಾಗಿಯೂ ಇಲ್ಲ.) ಆ ಹೊರಡುವ ಕಾಲಕ್ಕೆ ಅವರಿಟ್ಟ ಹೆಸರು 'ಮೌಸಿಮ್', ಇಂದಿನ 'ಮಾನ್ಸೂನ್' ಪದದ ಮೂಲ ಅದೇ.

ಹೊರ್ಮುಝ್‌ನಿಂದ ಕುದುರೆಗಳನ್ನು ಹೇರಿಕೊಂಡು ವಿಜಯನಗರದ ಬಂದರಾದ ಭಟ್ಕಳಕ್ಕೆ ಬರುತ್ತಿದ್ದ ಹಡಗುಗಳಿಗೂ ಇದೇ ಕಟ್ಟುಪಾಡು. ಮಳೆಗಾಲ ಹಿಡಿಯುವ ಮೊದಲು ಇಲ್ಲಿ ತಲುಪಬೇಕು. ಮೌಸಿಮ್ ತಪ್ಪಿದರೆ ಗಾಳಿ ಮತ್ತೆ ತಿರುಗುವವರೆಗೆ ಹಡಗು, ಹಡಗಿನವರು, ಕುದುರೆಗಳು ಎಲ್ಲವೂ ಆಚೆ ದಡದಲ್ಲೇ.